ಕಡ ಕೊಟ್ಟ ಎಲಿಮಿನೇಟರು

ಮೂಟೆಯನ್ನು ನನ್ನ ತಮ್ಮ ಕಾಲಿನಿಂದ ತಳ್ಳಿ, "ಏನಕ್ಕ ಇದು?" ಅಂತ ಕೇಳಿದ.

"ಕಾಲಲ್ಲಿ ಒದೀಬ್ಯಾಡ ಕಣ್ಲಾ, ಪೂಜೆ ಆಗಿರೋ ಸಾಮಾನು," ಅಂದೆ.

ಅವನು ಗೋಣಿಚೀಲದ ಬಾಯಿ ಬಿಚ್ಚಿ ಇಣುಕಿದ. ಒಳಗೆ ಬರೀ ವೈರು. ರೇಡಿಯೋದ್ದು, ಟೇಪ್‌ರೆಕಾರ್ಡರಿಂದು, ಎಮರ್ಜೆನ್ಸಿ ಲೈಟಿನ ಚಾರ್ಜರು, ಯಾವ ಕಾಲದ್ದೋ ಆಂಟೆನಾ ವೈರು, ಜೊತೆಗೆ ಎಲಿಮಿನೇಟರುಗಳು. ಎಲಿಮಿನೇಟರ್ ಅಂದರೆ ಈಗಿನ ಮಕ್ಕಳಿಗೆ ಗೊತ್ತಿಲ್ಲ. ರೇಡಿಯೋಗೆ ಸೆಲ್ಲು ಹಾಕುವ ಬದಲು ಕರೆಂಟಿಗೆ ಸಿಕ್ಕಿಸೋಕೆ ಇದ್ದ ಕಪ್ಪು ಡಬ್ಬಿ. ಒಂದು ಕಡೆ ಎರಡು ಹಿತ್ತಾಳೆ ಪಿನ್ನು, ಇನ್ನೊಂದು ಕಡೆ ಉದ್ದನೆ ಬಾಲ. ತಮ್ಮ ಒಂದು ಬಾಲ ಹಿಡಿದು ಎಳೆದ. ಒಳಗಿದ್ದದ್ದೆಲ್ಲ ಒಟ್ಟಿಗೆ ಎದ್ದು ಬಂತು.

"ಥೂ, ಇದ್ನೆಲ್ಲ ಗುಜರಿಗೆ ಆಕಕ್ಕ. ನೀನು, ನಿನ್ ಟ್ರಂಕು, ನಾಕು ಪಾತ್ರೆ, ಅಷ್ಟು ಬಂದ್ರೆ ಸಾಕು."

ಅದು ಎರಡು ಸಾವಿರದ ನಾಲ್ಕರ ಬೇಸಿಗೆ. ಕೊಳ್ಳೇಗಾಲದ ಬಾಡಿಗೆ ಮನೆ ಬಿಟ್ಟು, ಯಳಂದೂರಿನ ಆಚೆ ಹೊನ್ನೂರಿನಲ್ಲಿದ್ದ ನನ್ನ ತವರಿಗೆ ನಾನು ಬಂದುಬಿಡಬೇಕು ಅಂತ ತೀರ್ಮಾನವಾಗಿತ್ತು. ತೀರ್ಮಾನ ಅವನದು, ತಲೆ ಆಡಿಸಿದವಳು ನಾನು. ಬೇಡ ಅನ್ನೋಕೆ ಕಾರಣ ಇರಲಿಲ್ಲ. ಗಂಡ ಇಲ್ಲ, ಮಕ್ಕಳಿಲ್ಲ. ಹೊಟ್ಟೆಪಾಡಿಗೆ ಅಂತ ರೇಷ್ಮೆ ಸೀರೆಗಳಿಗೆ ಕುಚ್ಚು ಕಟ್ಟುತ್ತಿದ್ದೆ, ಅದು ಎಲ್ಲಿ ಕೂತರೂ ನಡೆಯುವ ಕೆಲಸ. "ಇಲ್ಲಿ ಯಾರ್ ಮುಖ ನೋಡ್ಕಂಡು ಕೂತಿದ್ದೀಯೆ?" ಅಂತ ಅವನು ಕೇಳಿದಾಗ ಕೈಯಲ್ಲಿದ್ದ ಕುಚ್ಚಿನ ಗಂಟು ಬಿಗಿದೆ.

ಅವನು ಆಗಷ್ಟೇ ಮೊಬೈಲು ತಗೊಂಡಿದ್ದ. ಹೊನ್ನೂರಿನಲ್ಲಿ ಗದ್ದೆ ಬದುವಿನ ಮೇಲೆ ನಿಂತರೆ ಮಾತ್ರ ಅದು ಮಾತಾಡುತ್ತಿತ್ತು, ಆದರೂ ಜೇಬಿನಿಂದ ತೆಗೆದು ತೆಗೆದು ನೋಡುವ ಚಟ. ಚಾರ್ಜರು ಮರೆತು ಬಂದಿದ್ದ. "ಇದ್ರಲ್ಲಿ ನಂದಕ್ಕೆ ಆಗೋದೇನಾದ್ರೂ ಅದಾ ನೋಡ್ತೀನಿ" ಅಂತ ಕೂತು ಒಂದೊಂದೇ ಬಾಲವನ್ನು ಆ ಸಣ್ಣ ತೂತಿಗೆ ಇಟ್ಟು ನೋಡಿದ. ಯಾವುದೂ ಹಿಡಿಸಲಿಲ್ಲ. "ಇಷ್ಟೊಂದು ಇಟ್ಕಂಡು ಒಂದೂ ಪ್ರಯೋಜನಕ್ಕೆ ಬರ್ನಿಲ್ಲವಲ್ಲಕ್ಕ!" ಅಂತ ಕಿಸಿಕಿಸಿ ನಕ್ಕ. ನನಗೆ ಮೈ ಉರಿಯಿತು. ಅವನು ಹೊರಟ ಮೇಲೆ ಚೀಲದ ಬಾಯಿ ಕಟ್ಟಿ ಮೂಲೆಗೆ ಎಳೆದು ಇಟ್ಟೆ.

ನಮ್ಮನೆಯವರದು ರೇಡಿಯೋ ರಿಪೇರಿ ಅಂಗಡಿ. ಎಂಬತ್ತರ ದಶಕದಲ್ಲಿ ಹನೂರು, ಕೌದಳ್ಳಿ ಕಡೆಯಿಂದೆಲ್ಲ ಜನ ರೇಡಿಯೋವನ್ನು ಟವೆಲಿನಲ್ಲಿ ಸುತ್ತಿ, ಹಸುಗೂಸು ಎತ್ತಿಕೊಂಡು ಬರುವ ಹಾಗೆ ಬಸ್ಸಿನಲ್ಲಿ ತರುತ್ತಿದ್ದರು. ಅಟ್ಟದ ಮೇಲೆ ಇಲಿ ಕಡಿದ ವೈರಿನ ಕೇಸುಗಳೇ ಜಾಸ್ತಿ. ಹೊಸ ವೈರು ಹಾಕಿ ಕಳಿಸುತ್ತಿದ್ದರು, ಹಳೆಯದನ್ನು ಬಿಸಾಡುತ್ತಿರಲಿಲ್ಲ. ಕಡಿದ ಕಡೆ ಕತ್ತರಿಸಿ, ಬೆಸೆದು, ಟೇಪು ಸುತ್ತಿ ಗೋಡೆಯ ಮೊಳೆಗೆ ನೇತುಹಾಕೋರು. "ಯಾರ್ಗಾದ್ರೂ ಆಯ್ತದೆ" ಅನ್ನೋದೊಂದೇ ಮಾತು. ಮೊದಲೇ ಮಾತು ಕಮ್ಮಿಯ ಮನುಷ್ಯ. ನನ್ನ ಜೊತೆ ಆಡಿದ್ದಕ್ಕಿಂತ ಕೆಟ್ಟುಹೋದ ರೇಡಿಯೋಗಳ ಜೊತೆ ಆಡಿದ್ದೇ ಹೆಚ್ಚು. "ಯಾಕಪ್ಪಾ, ಏನಾಯ್ತು ನಿಂಗೆ?" ಅಂತ ಅವುಗಳನ್ನು ಕೇಳುತ್ತಿದ್ದರು. ನನ್ನನ್ನು ಹಾಗೆ ಕೇಳಿದ್ದು ನೆನಪಿಲ್ಲ.

ಆಯುಧಪೂಜೆ ದಿನ ಮಾತ್ರ ನಾನು ಅಂಗಡಿಗೆ ಹೋಗಲೇಬೇಕು. ಸ್ಕ್ರೂಡ್ರೈವರು, ಮೀಟರು, ಬೆಸುಗೆ ಹಾಕುವ ಕಡ್ಡಿ, ಕಡೆಗೆ ಗೋಡೆಯ ಒಂದೊಂದು ವೈರಿಗೂ ಕುಂಕುಮ ಇಡುವ ಕೆಲಸ ನನ್ನದು. ಉದುರದ ಹಾಗೆ ಕೊಬ್ಬರಿ ಎಣ್ಣೆಯಲ್ಲಿ ಕಲಸಿದ ಕುಂಕುಮ. ನಾನು ಸೀದಾ ಪಿನ್ನಿಗೇ ಇಡುತ್ತಿದ್ದೆ. "ಅಯ್ಯೋ ಪುಣ್ಯಾತ್ಗಿತ್ತಿ, ಪಿನ್ನಿಗೆ ಇಡಬ್ಯಾಡ್ವೇ, ಡಬ್ಬಿಗೆ ಇಡು! ನಾಳೆ ಪ್ಲಗ್ಗಿಗೆ ಹಾಕಿದ್ರೆ ಕಿಡಿ ಹಾರ್ತದೆ. ಎಷ್ಟ್ ಸಲ ಹೇಳೋದು ನಿಂಗೆ?" ಅಂತ ಕೂಗಾಡೋರು. ಮಾರನೇ ದಿನ ಕೂತು ಒಂದೊಂದೇ ಪಿನ್ನು ಒರೆಸುತ್ತ, ಬೈಗುಳ ಮುಂದುವರಿಸೋರು. ನಿಜ ಹೇಳಬೇಕೆಂದರೆ, ಬೈಸಿಕೊಳ್ಳೋಕೇ ಹಾಗೆ ಇಡುತ್ತಿದ್ದೆ. ವರ್ಷದಲ್ಲಿ ಆ ಎರಡು ದಿನ ಅವರು ನನ್ನ ಜೊತೆ ಬಾಯಿ ತುಂಬ ಮಾತಾಡುತ್ತಿದ್ದರು.

ತೊಂಬತ್ತರ ದಶಕದ ಶುರುವಿನಲ್ಲಿ ಒಂದು ಬೆಳಿಗ್ಗೆ, ಎದೆ ಹಿಡಿದುಕೊಂಡು ಅಂಗಡಿ ಬಾಗಿಲಲ್ಲಿ ಕೂತವರು ಮತ್ತೆ ಏಳಲಿಲ್ಲ. ರೇಡಿಯೋಗಳನ್ನು ಅವರವರು ಬಂದು ತಗೊಂಡು ಹೋದರು. ಮೀಟರು, ಕಡ್ಡಿ ಇನ್ನೊಬ್ಬ ರಿಪೇರಿಯವನ ಪಾಲಾಯಿತು. ವೈರು ಮಾತ್ರ ಯಾರಿಗೂ ಬೇಡವಾಗಿತ್ತು. ಗೋಡೆಯಿಂದ ಇಳಿಸಿ, ಮೂಟೆ ಕಟ್ಟಿ ಮನೆಗೆ ತಂದೆ.

ತಿಥಿ ಮುಗಿಯುವವರೆಗೆ ಮನೆ ತುಂಬ ಜನ, ಆಮೇಲೆ ಒಬ್ಬರೂ ಇಲ್ಲ. ನಮ್ಮ ಬೀದಿಯ ಹೆಂಗಸರು ಕೆಟ್ಟವರಲ್ಲ. ಆದರೆ ಮನೆಗೆ ಬಂದವಳಿಗೆ ಹೋಗುವಾಗ ಕುಂಕುಮ ಕೊಟ್ಟು ಕಳಿಸೋದು ಪದ್ಧತಿ. ನಾನು ಕೊಡೋ ಹಾಗಿಲ್ಲ, ಅವರು ಹಾಗೇ ಹೋಗೋ ಹಾಗಿಲ್ಲ. ಈ ಮುಜುಗರವೇ ಬೇಡ ಅಂತ ಬರೋದನ್ನೇ ಬಿಟ್ಟರು. ಅದೂ ಅಲ್ಲದೆ ನಮ್ಮಲ್ಲಿ ಸುಮ್ಮಸುಮ್ಮನೆ ಯಾರ ಮನೆಗೂ ಯಾರೂ ಹೋಗೋದಿಲ್ಲ, ಒಂದು ನೆಪ ಬೇಕು. ಒಸಿ ಹೆಪ್ಪು ಕೊಡಕ್ಕ, ಸೂಜಿ ಇದ್ರೆ ಕೊಡಕ್ಕ, ಒನಕೆ ಕೊಡಕ್ಕ. ಕೈಯಲ್ಲಿ ಲೋಟ ಹಿಡಿದು ಬಂದರೆ ಎಷ್ಟು ಹೊತ್ತು ಬೇಕಾದರೂ ಕೂತು ಹರಟಬಹುದು. ಬರಿಗೈಯಲ್ಲಿ ಬಂದರೆ "ಏನ್ ಬಂದೆ?" ಅಂತಾರೆ. ಒಂಟಿ ಹೆಂಗಸಿನ ಮನೆಯಲ್ಲಿ ಹೆಪ್ಪು ಹಾಕುವಷ್ಟು ಹಾಲು ಎಲ್ಲಿರುತ್ತೆ? ಬೆಳಿಗ್ಗೆಯಿಂದ ಬಾಯಿ ಬಿಡದೆ ಕುಚ್ಚು ಕಟ್ಟುತ್ತ ಕೂತು, ಸಂಜೆ ಬೆಕ್ಕಿಗೆ "ಹೋಗೇ" ಅಂದರೆ ನನ್ನ ದನಿ ನನಗೇ ಯಾರದ್ದೋ ಅನ್ನಿಸುತ್ತಿತ್ತು. ಮನೆಯಲ್ಲಿದ್ದ ರೇಡಿಯೋವನ್ನು ತಮ್ಮನಿಗೆ ಕೊಟ್ಟುಬಿಟ್ಟಿದ್ದೆ. ಅದರ ದನಿ ಕೇಳಿದರೆ ಇವರು ಪಕ್ಕದಲ್ಲೇ ಕೂತು ತಿರುಪು ತಿರುಗಿಸುತ್ತಿದ್ದಾರೆ ಅನ್ನಿಸಿ ತಿರುಗಿ ತಿರುಗಿ ನೋಡುತ್ತಿದ್ದೆ.

ಆಗ ನನ್ನ ಕೈ ಹಿಡಿದದ್ದು ಈ ಮೂಟೆ.

"ಅಕ್ಕ, ನಿಮ್ಮನೇಲಿ ಟೇಪ್‌ರೆಕಾರ್ಡಿನ ವೈರು ಅದಂತಲ್ಲ, ಮನೇಲಿ ನಾಮಕರಣ, ಒಂದ್ ಕೊಡಕ್ಕ" ಅಂತ ಯಾರೋ ಬಂದರು. ಕೊಟ್ಟೆ. "ಸಂಜೆ ತಂದ್ ಕೊಡಪ್ಪ" ಅಂತ ಬಾಯಿಗೆ ಬಂತು. ನಮ್ಮನೆಯವರಾಗಿದ್ದರೆ ಇಟ್ಕಳಪ್ಪ ಅಂತಿದ್ದರು. ನಾನು ಹಾಗನ್ನಲಿಲ್ಲ. ಕೊಟ್ಟುಬಿಟ್ಟರೆ ಒಂದು ಸಲ ಬರುತ್ತಾರೆ, ಕಡ ಕೊಟ್ಟರೆ ಎರಡು ಸಲ. ವೈರು ಕೇಳೋಕೆ ಬಂದವರಿಗೆ ಕುಂಕುಮ ಕೊಡುವ ತಾಪತ್ರಯವೂ ಇಲ್ಲ. ಸುದ್ದಿ ಹಬ್ಬಿತು. ಮೂಟೆ ಬಾಗಿಲ ಹತ್ತಿರಕ್ಕೆ ಬಂತು.

ಇವರಿಲ್ಲದ ಮೊದಲ ಆಯುಧಪೂಜೆ ಬಂದಾಗ ಕುಂಕುಮದ ಬಟ್ಟಲು ಹುಡುಕಿ ತೆಗೆದೆ. ನನ್ನ ಹಣೆಗೆ ಬೇಡ ಅಂದಿದ್ದರು, ವೈರಿಗೆ ಬೇಡ ಅಂತ ಯಾರೂ ಹೇಳಿರಲಿಲ್ಲ. ಬಾಗಿಲು ಹಾಕಿಕೊಂಡು, ಚೀಲ ಸುರಿದು, ಎಣ್ಣೆಯಲ್ಲಿ ಕಲಸಿ ಒಂದೊಂದಕ್ಕೂ ಇಟ್ಟೆ. ಬೇಕಂತಲೇ ಪಿನ್ನಿಗೆ ಇಟ್ಟೆ. ಬೈಯೋರು ಇರಲಿಲ್ಲ. ಆವತ್ತು ಚೆನ್ನಾಗಿ ಅತ್ತುಬಿಟ್ಟೆ. ಆಮೇಲೂ ವರ್ಷಾ ವರ್ಷ ಇಟ್ಟೆ, ಒರೆಸೋಕೆ ಮಾತ್ರ ಹೋಗಲಿಲ್ಲ.

ಎಲಿಮಿನೇಟರು ಕೇಳಿಕೊಂಡು ಬಂದವಳು ಹಿಂದಿನ ಕೇರಿಯವಳು. ರೇಷ್ಮೆ ನೂಲು ತೆಗೆಯುವ ಕೆಲಸ ಅವಳದು. ದಿನವಿಡೀ ಬಿಸಿನೀರಿನಲ್ಲಿ ಗೂಡು ಬೇಯಿಸಿ ಎಳೆ ಹಿಡಿದು ಹಿಡಿದು ಬೆರಳ ತುದಿ ಬೆಳ್ಳಗೆ ನೆರಿಗೆಗಟ್ಟಿರೋದು. ಮೈಯೆಲ್ಲ ಬೆಂದ ಹುಳದ ವಾಸನೆ. ಗೋಪಿನಾಥಂ ಕಡೆಯವಳು, ಹೌದು ಅನ್ನೋಕೆ "ಆಮಾಕ್ಕ" ಅನ್ನೋಳು. ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡು ಬೇರೆ ಊರು ಸೇರಿದ್ದ. ಹಾಗಾಗಿ ಅವಳ ಹಣೆಯಲ್ಲಿ ಕುಂಕುಮ ಇತ್ತು, ಮನೆಯಲ್ಲಿ ಯಾರೂ ಇರಲಿಲ್ಲ.

"ನಮ್ಮಣ್ಣ ಕೊಡ್ಸಿದ ರೇಡಿಯೋ ಅದೆ ಕಣಕ್ಕ, ಸೆಲ್ಲು ಆಕಿ ಆಕಿ ಸಾಕಾಯ್ತು. ಒಂದು ಎಲಿಮಿನೇಟ್ರು ಕೊಡಕ್ಕ, ಬೆಳಿಗ್ಗೆ ಕೆಲ್ಸಕ್ಕೋಗುವಾಗ ತಂದ್ ಕೊಡ್ತೀನಿ."

ಕೊಟ್ಟೆ. ಬೆಳಿಗ್ಗೆ ತಂದುಕೊಟ್ಟಳು. ಸಂಜೆ ಮತ್ತೆ ಬಂದಳು. ಹಾಗೇ ನಡೆದುಕೊಂಡು ಬಂತು, ವರ್ಷಗಟ್ಟಲೆ. ಅವಳದ್ದು ಅಂತ ಒಂದು ಎಲಿಮಿನೇಟರನ್ನು ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದೆ. ಇಟ್ಕೊಂಡುಬಿಡು ಅಂತ ನಾನು ಹೇಳಲಿಲ್ಲ, ಇಟ್ಕತೀನಿ ಅಂತ ಅವಳೂ ಕೇಳಲಿಲ್ಲ. ಮೊದಮೊದಲು ಹೊಸ್ತಿಲಲ್ಲಿ ನಿಲ್ಲುತ್ತಿದ್ದವಳು ಜಗುಲಿಯಲ್ಲಿ ಕೂತಳು, ಆಮೇಲೆ ಒಲೆ ಮುಂದಕ್ಕೇ ಬಂದಳು. ಬೆಳಿಗ್ಗೆ ಅರ್ಧ ಲೋಟ ಕಾಫಿ, ಸಂಜೆ ಒಂದಿಷ್ಟು ಊರ ಸುದ್ದಿ.

"ರೇಡಿಯೋಲಿ ಏನ್ ಬಂತೇ?" ಅಂತ ದಿನಾ ಬೆಳಿಗ್ಗೆ ಕೇಳುತ್ತಿದ್ದೆ.

"ಅನೂರ್ ಕಡೆ ಮಳೆಯಂತೆ ಕಣಕ್ಕ."

ಹೊರಗೆ ನೋಡಿದರೆ ಕಣ್ಣು ಬಿಡಲಾಗದ ಬಿಸಿಲು. "ಎಲ್ಲೇ ಮಳೆ?"

"ನಾನೇನ್ ಮಾಡ್ಲಿ? ಏಳಿದ್ದು ಅವ್ರು."

ನಾಟಕ ಬಂತು ಅಂತ ಒಂದೊಂದು ದಿನ ಕಥೆ ಹೇಳುವಳು. ಅತ್ತೆ ಸೊಸೆಗೆ ವಿಷ ಹಾಕಿರುತ್ತಾಳೆ, ಸೊಸೆ ಲೋಟ ಬಾಯಿಗೆ ಎತ್ತಿರುತ್ತಾಳೆ. "ಆಮೇಲೆ?" ಅಂದರೆ, "ಕರೆಂಟ್ ಓಯ್ತಕ್ಕ" ಅನ್ನುವಳು. ಸರಿಯಾಗಿ ಆ ಹೊತ್ತಿಗೇ ಹೋಗಬೇಕಾ? "ನಿಮ್ಮ ಕೇರಿ ಕರೆಂಟಿಗೆ ಬೆಂಕಿ ಹಾಕ!" ಅಂತ ನಾನು ಬೈದರೆ ಅವಳು ಸೆರಗು ಬಾಯಿಗಿಟ್ಟು ನಗುವಳು. ಆ ಸೊಸೆ ಬದುಕಿದಳೋ ಸತ್ತಳೋ ನನಗೆ ಇವತ್ತಿಗೂ ಗೊತ್ತಿಲ್ಲ.

ಒಂದು ವಿಷಯ ಮಾತ್ರ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಅಷ್ಟು ವರ್ಷದಲ್ಲಿ ಅವಳು ಒಂದು ದಿನಕ್ಕೂ ನನ್ನನ್ನು ಅವಳ ಮನೆಗೆ ಕರೆಯಲಿಲ್ಲ. ಹಬ್ಬಕ್ಕೂ ಇಲ್ಲ, ಹುಣ್ಣಿಮೆಗೂ ಇಲ್ಲ. ವಿಧವೆ ಕಾಲಿಡೋದು ಬೇಡ ಅಂತ ಇರಬೇಕು ಅಂದುಕೊಂಡೆ. ಎಲ್ಲರ ಹಾಗೆ ಇವಳೂ. ಬಾಯಿಬಿಟ್ಟು ಕೇಳಲಿಲ್ಲ, ಆದರೆ ನೋವಾಗಿತ್ತು.

ಬರಬರುತ್ತ ಬೇರೆಯವರು ಬರೋದು ನಿಂತಿತು. ಮನೆಮನೆಗೆ ಟಿ.ವಿ. ಬಂತು, ಹೊಸ ಸಾಮಾನು ತನ್ನ ವೈರನ್ನು ತಾನೇ ತಂದುಕೊಳ್ಳುತ್ತಿತ್ತು. ಕಡೆಗೆ ಉಳಿದವಳು ಅವಳೊಬ್ಬಳೇ. ತಮ್ಮ ಬಂದು ಹೋದ ಸಂಜೆ ಅವಳಿಗೆ ಹೇಳಿದೆ, "ನಾನು ಹೊನ್ನೂರಿಗೆ ಹೋಗ್ಬಿಡ್ತೀನಿ ಕಣೇ."

ಅವಳು ಮೊಳೆಯಿಂದ ಎಲಿಮಿನೇಟರು ತೆಗೆದುಕೊಂಡು, ಬಾಲವನ್ನು ನಿಧಾನಕ್ಕೆ ಸುತ್ತಿದಳು. "ಒಳ್ಳೇದಾಯ್ತು ಬುಡಕ್ಕ. ಒಡಹುಟ್ಟಿದವ್ನ ಮನೆ ಅಲ್ವಾ," ಅಂದು ಹೊರಟುಹೋದಳು.

ಹೋಗಬ್ಯಾಡ ಅಂತ ಒಂದು ಮಾತಿಗಾದರೂ ಅನ್ನಬೇಡವಾ? ಇಷ್ಟು ವರ್ಷ ಬಂದದ್ದು ಎಲಿಮಿನೇಟರಿಗೆ, ನನಗಲ್ಲ ಅಂತ ಆವತ್ತು ಗಟ್ಟಿಯಾಯಿತು. ಹಾಗಾದರೆ ಇಲ್ಲಿ ಕೂತು ಮಾಡೋದೇನು? ಮೊದಲು ಈ ಮೂಟೆಗೊಂದು ದಾರಿ ಕಾಣಿಸಿಬಿಡೋಣ ಅಂತ ಹಟ ಬಂತು.

ಗುಜರಿಯವನ ಹತ್ತಿರ ಹೋಗಿ ವಿಚಾರಿಸಿದೆ. ಅವನು ಅಂಗಡಿ ಹಿತ್ತಲಲ್ಲಿ ವೈರಿನ ಗುಡ್ಡೆಗೆ ಬೆಂಕಿ ಕೊಟ್ಟು, ಮೇಲಿನದೆಲ್ಲ ಸುಟ್ಟು ತಾಮ್ರ ಆರಿಸುತ್ತಿದ್ದ. ಕರೀ ಹೊಗೆ, ಗಂಟಲು ಕಟ್ಟುವ ನಾತ. ಇವರು ಕೂತು ಬೆಸೆದು ಟೇಪು ಸುತ್ತಿದ್ದನ್ನು ಇಲ್ಲಿ ಸುಡಿಸಲಾ? ಮೂಗು ಮುಚ್ಚಿಕೊಂಡು ವಾಪಸು ಬಂದೆ.

ಪೂಜೆಯಾದದ್ದನ್ನು ಹರಿಯೋ ನೀರಿಗೆ ಬಿಡೋದು ನಮ್ಮಲ್ಲಿ ವಾಡಿಕೆ. ಹೂವು, ಹಳೇ ದೇವರ ಪಟ ಎಲ್ಲ ಹಾಗೇ ಬಿಡೋದಲ್ಲವಾ, ಇದನ್ನೂ ಬಿಟ್ಟರಾಯಿತು ಅಂದುಕೊಂಡೆ. ಹೊನ್ನೂರಿನಲ್ಲಿ ತಮ್ಮ ನನಗೆ ಅಂತ ಬಿಟ್ಟುಕೊಟ್ಟ ರೂಮು ನೋಡಿಬರಲು ಹೊರಟ ದಿನ ಒಂದು ಕೈಚೀಲದ ತುಂಬ ವೈರು ತುಂಬಿಕೊಂಡು, ಯಳಂದೂರಿನ ಹತ್ತಿರ ಬಸ್ಸಿಳಿದು ಸುವರ್ಣಾವತಿ ಹೊಳೆಗೆ ಹೋದೆ. ಬೇಸಿಗೆಯ ಹೊಳೆ, ಮೊಣಕಾಲು ನೀರಿನ ಒಂದು ಮಡು. ಚೀಲದಿಂದ ವೈರು ತೆಗೆದು ಕೈಮುಗಿಯುತ್ತಿದ್ದೆ, ಅಷ್ಟರಲ್ಲಿ ಎಮ್ಮೆ ತೊಳೆಯುತ್ತಿದ್ದ ಒಬ್ಬ ಅರಚಿದ.

"ಏಯ್ ಅಮ್ಮೋ! ಮೀನ್ಗೆ ಕರೆಂಟ್ ಕೊಡಕ್ ಬಂದಿದ್ದೀಯಾ? ನನ್ ಎಮ್ಮೆ ನೀರ್ನಲ್ಲವೆ!"

"ನಿನ್ ತಲೆ! ಕರೆಂಟ್ ಎಲ್ಲಿಂದ ತರ್ಲಿ, ಸೆರಗಿಂದ್ಲಾ?" ಅಂತ ನಾನೂ ಅರಚಿದೆ.

ಕದ್ದು ಕರೆಂಟು ಬಿಟ್ಟು ಮೀನು ಹಿಡಿಯೋರ ಕಾಟ ಅಲ್ಲಿ ಇತ್ತಂತೆ. ಓಡಿಬಂದವನು ಕುಂಕುಮ ಕಂಡು ತಣ್ಣಗಾದ. ಗಂಡನ ಅಂಗಡಿಯದು, ಪೂಜೆ ಆದದ್ದು ಅಂತ ಹೇಳಿದೆ. ಅವನು ತಲೆ ಕೆರೆದುಕೊಂಡು, "ಬುಡೋದೇ ಆದ್ರೆ ಒಂದ್ ನನಗೆ ಕೊಡಿ, ನಮ್ಮನೆ ಟೇಪ್‌ರೆಕಾರ್ಡಿಗೆ ಆಯ್ತದೆ" ಅಂದ. ಕೊಟ್ಟೆ. ಪಿನ್ನು ತೋರಿಸಿ, "ಈ ಕುಂಕ್ಮ ಒರಸ್ಬೇಕಾ?" ಅಂತ ಕೇಳಿದ.

"ಏನೂ ಬೇಡ. ಒಂದೇ ಒಂದು ಸಲ ಪ್ಲಗ್ಗಿಗೆ ಸಿಕ್ಕಿಸಿದ್ರೆ ಅದೇ ಉಜ್ಜಿ ಹೋಗ್ತದೆ," ಅಂದೆ. ಸಂಜೆ ತಂದ್ ಕೊಡು ಅಂತ ಬಾಯಿ ತುದಿಗೆ ಬಂತು. ಎಲ್ಲಿಗೆ ಅಂತ ತರುತ್ತಾನೆ? ಅವನ ಎದುರಿಗೆ ಉಳಿದದ್ದನ್ನು ನೀರಿಗೆ ಹಾಕಲು ಮನಸ್ಸಾಗಲಿಲ್ಲ, ಚೀಲ ಎತ್ತಿಕೊಂಡು ಹೊರಟೆ. ಹೊನ್ನೂರಿನ ರೂಮು ಚೆನ್ನಾಗಿಯೇ ಇತ್ತು. ಕಿಟಕಿಯಿಂದ ತೆಂಗಿನ ಮರ ಕಾಣುತ್ತಿತ್ತು.

ಸಂಜೆಗೆ ಮೊದಲು ಕೊಳ್ಳೇಗಾಲಕ್ಕೆ ಬಂದು ಬಾಗಿಲು ತೆಗೆದೆ. ಬೆಳಿಗ್ಗೆ ಅವಳು ವಾಪಸು ಕೊಟ್ಟ ಎಲಿಮಿನೇಟರು ಮೊಳೆಯಲ್ಲಿತ್ತು. ಉಳಿದದ್ದು ಏನಾದರೂ ಆಗಲಿ, ಇದೊಂದನ್ನು ಅವಳಿಗೇ ಕೊಟ್ಟುಬಿಡೋಣ ಅಂತ ಕೈಗೆ ತಗೊಂಡು ಸೆರಗಿನಿಂದ ಒರೆಸಿದೆ. ಪಿನ್ನು ಕೆಂಪಗಿತ್ತು.

ಹೊಳೆದಂಡೆಯಲ್ಲಿ ನಾನೇ ಆಡಿದ ಮಾತು ತಲೆಯಲ್ಲಿ ತಿರುಗಿತು. ಒಂದೇ ಒಂದು ಸಲ ಸಿಕ್ಕಿಸಿದರೆ ಉಜ್ಜಿಹೋಗಬೇಕು. ಬೆಳಕಿಗೆ ಹಿಡಿದು ಉಗುರಿನಿಂದ ಕೆರೆದೆ. ಮೇಲೆ ಹೋದ ಆಯುಧಪೂಜೆಯ ಕೆಂಪು. ಅದರ ಕೆಳಗೆ ಅದರ ಹಿಂದಿನ ವರ್ಷದ್ದು, ಸ್ವಲ್ಪ ಕಂದು. ಅದರ ಕೆಳಗೆ ಇನ್ನೂ ಹಳೆಯದು, ಕಪ್ಪಾಗಿ ಗಟ್ಟಿಯಾದದ್ದು. ರಾಶಿಯ ಜೊತೆ ಗಮನಿಸದೆ ನಾನು ವರ್ಷಾ ವರ್ಷ ಮೇಲೆ ಮೇಲೆ ಇಟ್ಟಿದ್ದೆಲ್ಲ ಹಾಗೇ ಕೂತಿತ್ತು. ದಿನಾ ಸಂಜೆ ನನ್ನ ಮನೆಯಿಂದ ಹೋಗಿ ಬೆಳಿಗ್ಗೆ ಬರುತ್ತಿದ್ದ ಎಲಿಮಿನೇಟರನ್ನು ಅವಳು ಒಂದು ದಿನಕ್ಕೂ ಪ್ಲಗ್ಗಿಗೆ ಹಾಕಿಯೇ ಇರಲಿಲ್ಲ.

ಮೊದಲು ಬಂದದ್ದು ಸಿಟ್ಟು. ನನ್ನನ್ನು ಏನಂದುಕೊಂಡಿದ್ದಾಳೆ ಇವಳು? ಪಾಪದವಳು, ಒಂಟಿ ಮುಂಡೆ ಅಂತ ಕನಿಕರಕ್ಕೆ ಬಂದು ಕೂತು ಹೋಗುತ್ತಿದ್ದಳಾ? ಎಲಿಮಿನೇಟರು ಹಿಡಿದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ ಹಿಂದಿನ ಕೇರಿಗೆ ನಡೆದೆ. ಬಾಯಲ್ಲಿ ಬೈಗುಳ ಜೋಡಿಸಿಕೊಂಡೇ ಹೋದೆ. ಕೇಳಿ ಕೇಳಿ ಅವಳ ಮನೆ ಹುಡುಕಬೇಕಾಯಿತು.

ಬಾಗಿಲು ತೆರೆದಿತ್ತು. ಒಂದೇ ಕೋಣೆ. ಸೂರಿನಿಂದ ಒಂದು ಬಲ್ಬು ಇಳಿಬಿದ್ದಿತ್ತು, ಬಡವರ ಮನೆಗೆ ಸರ್ಕಾರದವರು ಎಳೆದುಕೊಟ್ಟ ಒಂದು ಬಲ್ಬಿನ ಕರೆಂಟು. ಗೋಡೆಯಲ್ಲಿ ಪ್ಲಗ್ಗು ಇರಲಿಲ್ಲ. ನಾಲ್ಕೂ ಗೋಡೆ ನೋಡಿದೆ. ರೇಡಿಯೋವೂ ಇರಲಿಲ್ಲ. ಒಲೆಯ ಹೊಗೆ ತಾಕದ ಕಡೆ, ಇಲಿಗೆ ಸಿಗದಷ್ಟು ಎತ್ತರದಲ್ಲಿ ಒಂದು ಮೊಳೆ. ಆ ಮೊಳೆಗೆ ಹಳೇ ರವಿಕೆ ಬಟ್ಟೆಯಲ್ಲಿ ಹೊಲಿದ ಸಣ್ಣ ಚೀಲ, ಒಂದು ಎಲಿಮಿನೇಟರು ಹಿಡಿಸುವಷ್ಟು.

ಒಲೆ ಮುಂದೆ ಕೂತಿದ್ದವಳು ಎದ್ದು ನಿಂತಳು. ನನ್ನ ಕೈ ನೋಡಿದಳು, ನನ್ನ ಮುಖ ನೋಡಿದಳು, ತಲೆ ಬಗ್ಗಿಸಿದಳು. ನಾನು ಜೋಡಿಸಿಕೊಂಡು ಬಂದ ಬೈಗುಳದಲ್ಲಿ ಒಂದೂ ಉಳಿಯಲಿಲ್ಲ. ಒಂದೇ ತಟ್ಟೆ, ಒಂದೇ ಲೋಟ, ಸುತ್ತಿಟ್ಟ ಒಂದು ಚಾಪೆ. ಕನಿಕರ ಎಲ್ಲಿಯದು? ಉಂಡೆಯಾ ಅಂತ ಕೇಳೋರು ಅವಳಿಗೂ ಇರಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ನನ್ನ ಹೊಸ್ತಿಲು ದಾಟೋಕೆ ಅವಳಿಗೂ ಒಂದು ನೆಪ ಬೇಕಿತ್ತು. ಮನೆಗೆ ಯಾಕೆ ಕರೆಯಲಿಲ್ಲ ಅನ್ನೋದೂ ಆಗ ತಿಳಿಯಿತು.

"ಏನಕ್ಕ, ನೀನೇ ಬಂದ್ಬುಟ್ಟೆ," ಅಂದಳು. ದನಿ ಸಣ್ಣಗಿತ್ತು.

"ಇನ್ನೂ ಬರ್ನಿಲ್ಲವಲ್ಲ ಅಂತ ತಂದೆ. ತಕ."

ಎರಡೂ ಕೈಯಲ್ಲಿ ಈಸಿಕೊಂಡು, ಚೀಲದೊಳಗಿಟ್ಟು ಮೊಳೆಗೆ ಹಾಕಿದಳು. ನಾನು ಹೇಳಿಸಿಕೊಳ್ಳದೆ ಒಲೆಯ ಪಕ್ಕ ಕೂತೆ. ಅವಳು ಒಲೆಗೆ ಸೌದೆ ಮುಂದೂಡುತ್ತ, ನನ್ನ ಕಡೆ ತಿರುಗದೆ, "ಒನ್ನೂರ್ಗೆ ಯಾವತ್ತು ಓಗೋದಕ್ಕ?" ಅಂತ ಕೇಳಿದಳು.

ಯಾರ ಮುಖ ನೋಡಿಕೊಂಡು ಕೂತಿದ್ದೀಯೆ ಅಂತ ತಮ್ಮ ಕೇಳಿದ್ದನಲ್ಲ, ಆ ಮುಖ ಒಲೆ ಬೆಳಕಿನಲ್ಲಿ ಎದುರಿಗೇ ಇತ್ತು.

"ಎಲ್ಲಿಗೂ ಇಲ್ಲ ಬಿಡು," ಅಂದೆ. "ಬೆಳಿಗ್ಗೆ ನೀನು ಅದನ್ನ ತಂದ್ ಕೊಡುವಾಗ ಮನೇಲಿ ಯಾರಾದ್ರೂ ಇರ್ಬ್ಯಾಡ್ವಾ?"

ಅವಳು ತುಂಬ ಹೊತ್ತು ಒಲೆ ಊದಿದಳು. ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಇವತ್ತು ರೇಡಿಯೋಲಿ ನಾಟ್ಕ ಅದೆ ಕಣಕ್ಕ," ಅಂದಳು.

"ಕೇಳ್ಕಂಡ್ ಬಾ," ಅಂದೆ. "ಕರೆಂಟ್ ಹೋಗದಿದ್ರೆ ಆ ಸೊಸೆ ಏನಾದ್ಲು ಅಂತ ಬೆಳಿಗ್ಗೆ ಬಂದು ಹೇಳು."